ಚಿಗವ್ವ ನುಂಗದ ಗುಳಿಗೆ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ಕಾಲೇಜಿನ ಪ್ರಯೋಗಾಲಯ. ಆನೆಕಾಲು ರೋಗದ ಹುಳಕ್ಕೆ ಹೊಸ ಔಷಧ ಹುಡುಕುವುದು ನನ್ನ ಕೆಲಸ. ಮನುಷ್ಯರ ಹುಳ ಸುಲಭಕ್ಕೆ ಸಿಗುವುದಿಲ್ಲ. ಅದರ ದಾಯಾದಿಗಳಾದ ದನದ ಹುಳಗಳನ್ನು ಕಸಾಯಿಖಾನೆಯಿಂದ ಥರ್ಮಾಸಿನಲ್ಲಿ ತರುತ್ತಿದ್ದೆವು. ಒಂದು ದಿನ ನಮ್ಮದೊಂದು ಪುಡಿ ಹಾಕಿದ ಬಟ್ಟಲಲ್ಲಿ ಹುಳಗಳು ಸಂಜೆಯೊಳಗೆ ಅಲುಗುವುದನ್ನೇ ನಿಲ್ಲಿಸಿದವು. ನನಗೆ ನೆಲವೇ ಕಾಣಲಿಲ್ಲ!

ಅದೇ ವಾರ ಇಳಕಲ್ಲಿಗೆ, ಅವ್ವನ ತಂಗಿ ಚಿಗವ್ವನ ಮನೆಗೆ ಹೋದೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದಳು.

“ತಮ್ಮಾ, ನಾಳೆ ಆನೆಕಾಲಿನ ಗುಳಿಗಿ ಕೊಡಾಕ ಬರ್ತಾರಂತ. ಹ್ವಾದ ವರ್ಷ ನುಂಗಿ ಎರಡು ದಿನ ಜ್ವರ ಬಂದಿತ್ತು. ನುಂಗ್ಲೋ ಬ್ಯಾಡೋ?”

ಜ್ವರ ಬಂತೆಂದರೆ ಸಾಮಾನ್ಯವಾಗಿ ರಕ್ತದಲ್ಲಿ ಮರಿಹುಳಗಳು ಸಾಯುತ್ತಿವೆ, ಅಂದರೆ ಮೈಯಲ್ಲಿ ಹುಳ ಇದೆ, ಗುಳಿಗೆ ತಪ್ಪಿಸಬಾರದು ಎಂದರ್ಥ. ಪರೀಕ್ಷೆಯಲ್ಲಿ ಇದನ್ನು ಬರೆಯದ ಹುಡುಗರಿಗೆ ನಾನು ಅಂಕ ಕೊಡುವುದಿಲ್ಲ. ಅಂಥ ನಾನು ದೊಡ್ಡಸ್ತಿಕೆಯಿಂದ ಹೇಳಿದೆ: “ಬಿಡ ಚಿಗವ್ವಾ, ಅದು ಹಳೇ ಗುಳಿಗಿ. ಮರಿಹುಳ ಸಾಯ್ತಾವ, ತಾಯಿಹುಳ ಉಳೀತಾವ. ತಾಯಿನ್ನಽ ಕೊಲ್ಲೂ ಔಷಧ ನಾ ಮಾಡಾಕತ್ತೇನಿ. ಎರಡು ವರ್ಷ ತಡಿ.”

ಥೂ, ಯಾವ ಬಾಯಲ್ಲಿ ಹೇಳಿದೆನೋ!

ವರ್ಷಕ್ಕೊಮ್ಮೆ ಆಶಾ ಕಾರ್ಯಕರ್ತೆ ಎದುರಿಗೆ ನಿಂತು ನುಂಗಿಸಿ, ಗುರುತಿಗೆ ಬೆರಳಿಗೆ ಶಾಯಿ ಹಚ್ಚಿ ಹೋಗುತ್ತಾಳೆ. ಚಿಗವ್ವ ಗುಳಿಗೆಗಳನ್ನು ದವಡೆಯ ಎಲೆಯಡಿಕೆಯ ಸಂದಿಗೆ ತಳ್ಳಿ, ಆಮೇಲೆ ಹಿತ್ತಲಲ್ಲಿ ಉಗುಳುತ್ತಿದ್ದಳು. ಹಾಗೆ ಐದು ವರ್ಷ.

ನಮ್ಮ ಪುಡಿ ಇಲಿಗಳ ಯಕೃತ್ತನ್ನು ಕೆಡಿಸಿತು. ಕಡತ ಮುಚ್ಚಿತು. ಅದನ್ನು ಚಿಗವ್ವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಹೋದಾಗಲೆಲ್ಲ ಅಮೀನಗಡದಲ್ಲಿ ಇಳಿದು ಕರದಂಟು ಒಯ್ಯುತ್ತಿದ್ದೆ. “ಇನ್ನೂ ತಯಾರಾಗಿಲ್ಲೇನು?” ಎಂದು ಕೇಳಿದರೆ “ನಡದೈತಿ” ಎನ್ನುತ್ತಿದ್ದೆ.

ಈ ವರ್ಷ ಹೋದಾಗ ಅವಳ ಎಡಗಾಲು ಮೊಣಕಾಲಿನವರೆಗೆ ಬಾತಿತ್ತು. ಮಗ್ಗದ ಕುಣಿಗೆ ಇಳಿಯಲು ಬಾರದೆ ಮೂಲೆಯಲ್ಲಿ ಕೂತು ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ನಾನಿದ್ದಾಗಲೇ ಗುಳಿಗೆ ಕೊಡುವ ಆಶಾ ಕಾರ್ಯಕರ್ತೆಯೂ ಬಂದಳು. ಕಾಲು ನೋಡಿ ಅವಳಿಗೆ ಸಿಟ್ಟೇ ಬಂತು.

“ಪ್ರತಿ ವರ್ಷ ಎದುರಿಗೆ ನಿಂತು ನುಂಗಿಸೇನಿ. ಖರೆ ಹೇಳ್ರಿ, ಉಗುಳಿದ್ರಿ ಹೌದಲ್ಲೋ? ಯಾರು ಹೇಳಿದ್ರು ನಿಮಗ?”

ಚಿಗವ್ವ ನನ್ನ ಕಡೆ ನೋಡಲೂ ಇಲ್ಲ. “ಯಾರು ಹೇಳ್ತಾರವ್ವಾ? ಜ್ವರಕ್ಕ ನಾನಽ ಅಂಜಿದ್ನಿ.”

ನಾನು ಹೇಳಬೇಕಿತ್ತು. ತಂದಿದ್ದ ಕರದಂಟಿನ ಪೊಟ್ಟಣ ಬಿಚ್ಚತೊಡಗಿದೆ.

“ಸರ್, ಇದರಾಗ ಓದಿದವರು ನೀವು,” ಎಂದು ಆಕೆ ನನ್ನತ್ತ ತಿರುಗಿದಳು. “ನೀವರ ಒಂದು ಮಾತು ಹೇಳ್ರಿ.”

“ನುಂಗು, ಚಿಗವ್ವಾ,” ಎಂದೆ.

ಚಿಗವ್ವ ಯಾಕೆಂದು ಕೇಳಲಿಲ್ಲ. ಬಾಯೊಳಗಿನ ಎಲೆಯಡಿಕೆ ಉಗುಳಿ, ಗುಳಿಗೆ ನುಂಗಿ, ನೀರು ಕುಡಿದಳು. ಆಮೇಲೆ ಬಾಯಿ ಅಗಲಿಸಿ ತೋರಿಸಿದಳು, ಆಶಾ ಕಾರ್ಯಕರ್ತೆಗಲ್ಲ, ನನಗೆ.