ಬಂದ ಹೆಜ್ಜೆಯ ಮೇಲೆ

ತಾತನ ಕೊಡೆಯ ತುದಿಯಲ್ಲಿದ್ದ ಹಿತ್ತಾಳೆಯ ಟೊಪ್ಪಿ ಒಂದೇ ಪಕ್ಕಕ್ಕೆ ಸವೆದಿತ್ತು. ಮಳೆಯಿರಲಿ, ಬಿಸಿಲಿರಲಿ, ಕಾಲಿಡುವ ಮುಂಚೆ ಅವರು ಆ ತುದಿಯಿಂದ ನೆಲವನ್ನು ಓರೆಯಾಗಿ ಒಮ್ಮೆ ಮುಟ್ಟಿ ನೋಡುತ್ತಿದ್ದರು. ನಿನ್ನೆ ನೀವಿಬ್ಬರೂ ಬ್ಯಾಟು ಮಾಡಿಕೊಂಡು ಆಡಿದ್ದು ಅದೇ ಕೊಡೆಯನ್ನು.

ನಾನು ಚಿಕ್ಕವಳಿದ್ದಾಗ, ನನ್ನ ಅಕ್ಕ, ಅಂದರೆ ನಿಮ್ಮಮ್ಮ, ಇನ್ನೂ ಹೈಸ್ಕೂಲಿನಲ್ಲಿದ್ದಾಗ, ನಾವೆಲ್ಲ ಯಡಿಯೂರು ಕೆರೆಯ ಹತ್ತಿರ ತಾತನ ಮನೆಯಲ್ಲಿದ್ದೆವು. ತಾತ ಸೈನ್ಯದಲ್ಲಿ ಎಂಜಿನಿಯರ್ ಆಗಿದ್ದವರು. ಹೊಳೆಗಳ ಮೇಲೆ ಕಬ್ಬಿಣದ ಸೇತುವೆ ಹೂಡಿದವರು. ಗಡಿಯ ಹೊಲಗಳಲ್ಲಿ ಹೂತಿಟ್ಟ ಬಾಂಬುಗಳನ್ನು ಕಡ್ಡಿಯಿಂದ ತಡಕಿ ತಡಕಿ ತೆಗೆದವರು. ಅಂಥ ಒಂದು ಹೊಲದಿಂದ ಅವರ ಗೆಳೆಯರೊಬ್ಬರು ಹಿಂತಿರುಗಲಿಲ್ಲ. ಇದನ್ನು ಹೇಳಿದವರು ಅಜ್ಜಿ. ತಾತ ಆ ಮಾತೆತ್ತುತ್ತಿರಲಿಲ್ಲ. ಸೈನ್ಯ ಬಿಟ್ಟ ಮೇಲೆ ಇದೇ ಊರಿನಲ್ಲಿ ಮೋರಿ, ಕಾಲುವೆ, ಸಣ್ಣ ಸೇತುವೆಗಳನ್ನು ಕಟ್ಟಿಸುತ್ತ ಮುದುಕರಾದರು. ತೊಂಬತ್ತು ದಾಟುವವರೆಗೆ ಬದುಕಿದರು. ನೀವು ಕಂಡದ್ದು ಹಾಸಿಗೆ ಹಿಡಿದ ಮುತ್ತಾತನನ್ನು ಮಾತ್ರ.

ನನಗೆ ಅವರು ಒಂದು ಆಟ ಕಲಿಸಿದ್ದರು. ತಾತ ಮುಂದೆ, ನಾನು ಹಿಂದೆ. ಅವರು ಕಾಲಿಟ್ಟಲ್ಲೇ ನಾನೂ ಇಡಬೇಕು. ಮುಂದಿನವರು "ಸರಿ ಇದೆ" ಎಂದ ಮೇಲೇ ಹಿಂದಿನವರು ಕಾಲೆತ್ತಬೇಕು. ದಾರಿ ಸಿಗದಿದ್ದರೆ ಬಂದ ಹೆಜ್ಜೆಯ ಮೇಲೇ ವಾಪಸು. ಕುಂಟೆಬಿಲ್ಲೆಯಂತೆ ಇದೂ ಒಂದು ಆಟವೆಂದೇ ನಾನು ತಿಳಿದಿದ್ದೆ.

ಒಂದು ಸಂಜೆ ಜಯನಗರದಲ್ಲಿ ನನ್ನ ಸಂಗೀತಪಾಠ ಮುಗಿಸಿಕೊಂಡು ನಾವಿಬ್ಬರೂ ನಡೆದು ಬರುತ್ತಿದ್ದೆವು. ಜೋರು ಮಳೆ ಆಗಷ್ಟೇ ಇಳಿದಿತ್ತು. ಇಳಿಜಾರಿನ ಕೆಳಗೆ ಚರಂಡಿ ಉಕ್ಕಿ, ರಸ್ತೆಯೂ ಫುಟ್‌ಪಾತೂ ಒಂದಾಗಿದ್ದವು. ಚಹಾದ ಬಣ್ಣದ ನೀರು. ಸೀಮೆಎಣ್ಣೆಯ, ಕೊಳೆತ ಹೂವಿನ ವಾಸನೆ. ತಾತ ಹನಿಯುವ ಮಳೆಯಲ್ಲೇ ಕೊಡೆ ಮಡಚಿ, ನೀರಿನೊಳಗೆ ಚರಂಡಿಗೆ ಮುಚ್ಚಿದ್ದ ಚಪ್ಪಡಿಕಲ್ಲುಗಳನ್ನು ತಡಕುತ್ತ ಮುಂದೆ ಹೋದರು. ನಾನು ಅವರ ಹೆಜ್ಜೆಯಲ್ಲೇ ಹೋದೆ.

ಕೊಡೆಯ ತುದಿ ಯಾವುದೋ ಕಬ್ಬಿಣಕ್ಕೆ ತಾಗಿ ಠಣ್ ಎಂದಿತು.

ತಾತ ನಿಂತುಬಿಟ್ಟರು. ನನ್ನ ಮಣಿಕಟ್ಟನ್ನು ಹಿಡಿದು, ಮನೆಯಲ್ಲಿ ಎಂದೂ ಆಡದ ಹಿಂದಿಯಲ್ಲಿ, ಅಲುಗಾಡಬೇಡ ಎಂದು ಆಜ್ಞೆ ಮಾಡಿದರು. ಅದು ನನ್ನ ತಾತನ ದನಿಯಲ್ಲ. ಅವರು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹಿಂದೆ ಇನ್ನೂ ಯಾರೋ ನಿಂತಿರುವ ಹಾಗೆ ಅವರಿಗೂ ಅದೇ ಮಾತು ಹೇಳಿದರು. ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ನೀರು ಮೊಣಕಾಲಿಗೆ ಬಂದಿತ್ತು. ಒಂದು ಚಪ್ಪಲಿ ಕಳಚಿಕೊಂಡು ತೇಲಿಹೋಯಿತು. ಕೆಟ್ಟು ನಿಂತ ಆಟೊವನ್ನು ತಳ್ಳಿಕೊಂಡು ಹೋಗುತ್ತಿದ್ದ ಡ್ರೈವರೊಬ್ಬ ನಕ್ಕ.

"ಏನ್ ತಾತ, ಮೀನ್ ಹಿಡೀತಿದೀರಾ? ಬನ್ನಿ ಅತ್ಲಾಗೆ, ಮೊಣಕಾಲುದ್ದ ಅಷ್ಟೇ."

ತಾತನಿಗೆ ಕೇಳಿಸಲಿಲ್ಲ. ನಾನು ಆಟೊದವನನ್ನು ಕೂಗಬೇಕೆಂದುಕೊಂಡೆ. ಅಷ್ಟರಲ್ಲಿ ಅವನು ತಿರುವು ದಾಟಿದ್ದ. ತಾತ ನನ್ನ ಮಣಿಕಟ್ಟನ್ನೂ ಬಿಡಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಇನ್ನು ಮನೆಗೆ ಕರೆದೊಯ್ಯುವವರು ಯಾರೂ ಇಲ್ಲವೆಂದು ನನಗೆ ಆಗ ಗೊತ್ತಾಯಿತು.

ನೆನಪಿಗೆ ಬಂದದ್ದು ಆಟ ಒಂದೇ.

"ತಾತ, ಬಂದ ಹೆಜ್ಜೆ ಮೇಲೇ ವಾಪಸ್ ಹೋಗೋಣ. ಈಗ ನಾನು ಮುಂದೆ, ನೀವು ಹಿಂದೆ."

ಅವರು ನಿಧಾನವಾಗಿ ಹಿಡಿತ ಸಡಿಲಿಸಿ ಕೊಡೆಯನ್ನು ನನ್ನ ಕೈಗೆ ಕೊಟ್ಟರು. ಕಾಂಪೌಂಡಿನ ಗೋಡೆಗೆ ಭುಜ ತಾಗಿಸಿಕೊಂಡು ಬರಿಗಾಲಿನಿಂದ ಕಲ್ಲನ್ನು ಹುಡುಕಿದೆ. ಸಿಕ್ಕಿತು. "ಸರಿ ಇದೆ" ಎಂದೆ. ತಾತ ಕಾಲೆತ್ತಿದರು. ಮತ್ತೆ ಹುಡುಕಿದೆ. ಒಂದೊಂದು ಸಲವೂ ಅಲ್ಲಿ ಕಲ್ಲಿರಲಾರದು ಎನಿಸುತ್ತಿತ್ತು.

ಏರಿನಲ್ಲಿದ್ದ ಬೇಕರಿಯ ಮೆಟ್ಟಿಲ ಮೇಲೆ ತಾತ ಕುಳಿತರು. ಒಳಗಿನಿಂದ ಬೆಣ್ಣೆ ಬಿಸ್ಕತ್ತಿನ ಬಿಸಿ ವಾಸನೆ ಬರುತ್ತಿತ್ತು. ನನ್ನ ಕಾಲನ್ನು ನೋಡಿ ಕನ್ನಡದಲ್ಲಿ ಕೇಳಿದರು.

"ಮರಿ, ನಿನ್ ಚಪ್ಲಿ ಎಲ್ಲೋಯ್ತು?"

"ತೇಲ್ಕೊಂಡ್ ಹೋಯ್ತು ತಾತ."

"ಹೋಗ್ಲಿ ಬಿಡು. ಇಬ್ರೂ ಇದೀವಲ್ಲ."

ಬೇರೆ ರಸ್ತೆಯಿಂದ ಮನೆಗೆ ಬಂದೆವು. ಚಪ್ಪಲಿಗಾಗಿ ಅಜ್ಜಿ ಬೈದರು. ನೀರಿನಲ್ಲಿ ನಿಂತದ್ದು ನಮ್ಮಿಬ್ಬರಲ್ಲೇ ಉಳಿಯಿತು.

ಈಗ ನಿಮ್ಮ ಶಾಲೆಯ ಬಸ್ಸು ಗೇಟಿಗೇ ಬರುತ್ತದೆ. ಎಲ್ಲಿ ನೀರು ನಿಂತಿದೆ ಎಂಬುದು ಹೊರಡುವ ಮುಂಚೆಯೇ ಅಮ್ಮನ ಫೋನಿಗೆ ಗೊತ್ತಾಗುತ್ತದೆ. ಜೆ.ಪಿ. ನಗರದ ನಿಮ್ಮ ಮನೆಯ ನೆಲದಲ್ಲಿ ಒಂದು ಸಂದೂ ಇಲ್ಲ. ನಿಮಗೆ ಹೆದರಿಕೆಗಳಿಲ್ಲ ಎಂದು ನಾನು ಹೇಳುತ್ತಿಲ್ಲ. ಅವು ಬೇರೆ ಇರಬಹುದು. ಕೊಡೆಯಲ್ಲಿ ಆಡಿ, ಆದರೆ ಆ ತುದಿ ಹೀಗೇಕೆ ಸವೆದಿದೆ ಎಂಬುದು ನಿಮಗೆ ತಿಳಿದಿರಲಿ.

ಆ ಸಂಜೆಯ ಮರುದಿನ ಬೆಳಗ್ಗೆ, ಶಾಲೆಗೆ ಹೋಗುವ ಮುಂಚೆ, ನಾನೊಬ್ಬಳೇ ಆ ಜಾಗಕ್ಕೆ ಹೋದೆ. ನೀರು ಇಳಿದಿತ್ತು. ನಾವು ನಿಂತಿದ್ದ ಚಪ್ಪಡಿಯ ಮುಂದಿನ ಚಪ್ಪಡಿ ಇರಲಿಲ್ಲ. ಅಲ್ಲಿ ತುಕ್ಕು ಹಿಡಿದ ಒಂದು ಸರಳು ಅಡ್ಡ ಚಾಚಿತ್ತು; ಅದರ ಕೆಳಗೆ ಕಪ್ಪು ನೀರು ಇನ್ನೂ ಸದ್ದು ಮಾಡುತ್ತ ಹರಿಯುತ್ತಿತ್ತು. ಮಳೆಗೆ ಮುರಿದುಬಿದ್ದಿದ್ದ ಹೊಂಗೆಯ ಕೊಂಬೆಯನ್ನು ಎಳೆದು ತಂದು ಆ ಗುಂಡಿಯಲ್ಲಿ ನಿಲ್ಲಿಸಿದೆ. ಎಡಜಡೆಯ ಕೆಂಪು ಟೇಪನ್ನು ಬಿಚ್ಚಿ ಅದರ ತುದಿಗೆ ಕಟ್ಟಿದೆ. ಆಮೇಲೆ ಬಂದ ಹೆಜ್ಜೆಯ ಮೇಲೇ ಹಿಂದೆ ಸರಿದು, ಶಾಲೆಗೆ ಹೋದೆ.