ಗಜನಿಗೆ ಹಲಗೆ ಹಾಕುವವ

ಕುಮಟೆಯ ಹತ್ತಿರ ನಮ್ಮೂರ ಗಜನಿ ಗದ್ದೆಗೆ ಸಮುದ್ರದ ಭರತಿಯ ಉಪ್ಪುನೀರು ನುಗ್ಗದಂತೆ, ದಂಡೆಯಲ್ಲಿನ ನೀರಿನ ಬಾಗಿಲಿಗೆ ಹಲಗೆ ಹಾಕುವವನೊಬ್ಬನಿದ್ದ. ಬಾಡಿಗೆಯ ಒಂದೇ ಕೋಣೆಯಲ್ಲಿ ಐದು ಜನರ ಸಂಸಾರ. ಕೈಗೆ ಗಡಿಯಾರ ಕಟ್ಟುತ್ತಿರಲಿಲ್ಲ, ಆದರೂ ಹೊತ್ತು ತಪ್ಪಿದವನಲ್ಲ. ಏನು ಕೇಳಿದರೂ, "ನೀರು ಎಂತ ಹೇಳ್ತದೆ ನೋಡ್ವ" ಎನ್ನುತ್ತಿದ್ದ.

ಒಂದು ಬೇಸಿಗೆಯಲ್ಲಿ ಆ ಗಜನಿಯನ್ನು ವಸತಿ ವಲಯಕ್ಕೆ ಸೇರಿಸುವ ಬಗ್ಗೆ ಪಂಚಾಯಿತಿಯಲ್ಲಿ ಸಭೆ ಸೇರಿತು. ಯೋಜನಾ ಅಧಿಕಾರಿ ನಕ್ಷೆ ಹರಡಿ, "ಇದು ಖಾಲಿ ಜಾಗ" ಎಂದರು. ಸೈಟು ಬೇಕಾದವರು ಹೌದೆಂದರು, ಗದ್ದೆಯವರು ಕೂಗಾಡಿದರು. ಅವನು ಎದ್ದು ನಿಂತ.

"ಸಾಹೇಬ್ರೆ, ಒಂದು ತಾಸು ತಡೀರಿ. ಇವತ್ತು ನಾ ಹಲಗೆ ಹಾಕ್ಲಿಲ್ಲ."

"ಮರ್ತು ಹೋಯ್ತೇನೋ ಮಾರಾಯಾ?" ಎಂದು ಹಿಂದಿನಿಂದ ಯಾರೋ ಕೆಣಕಿದರು.

"ಇಲ್ಲ. ಈಗ ಬೆಳೆ ಇಲ್ಲ, ಹಾಳಾಗೂದಿಲ್ಲ. ಸಾಹೇಬ್ರು ನೋಡ್ಲಿ."

ತಾಸಿನ ನಂತರ ಎಲ್ಲರೂ ದಂಡೆಗೆ ಹೋದೆವು. ಖಾಲಿ ಜಾಗದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಅಧಿಕಾರಿ ನಕ್ಷೆ ಮಡಚಿದರು.

ಅವನು ಪಂಚಾಯಿತಿಯ ಗುಮಾಸ್ತರ ಹತ್ತಿರ ಹೋಗಿ ಕೈಚಾಚಿದ.

"ಇಲ್ಲಿ ಸೈಟಿಗೆ ನಂದೂ ಒಂದು ಅರ್ಜಿ ಇತ್ತು. ಅದನ್ನ ವಾಪಸ್ ಕೊಡಿ."