ಗುಂಪು ಬಿಟ್ಟು ನಿಂತದ್ದು

ಶಕುನ, ಕಣಿ, ಮೈಮೇಲೆ ಬರುವುದು ಇವನ್ನೆಲ್ಲ ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಈಗ ನಂಬುತ್ತೇನೆಂದಲ್ಲ. ಆದರೆ ತುರುವನೂರಿನ ನಮ್ಮ ಮನೆಯ ಜಗಲಿಯ ಮೇಲೆ ನಡೆದದ್ದನ್ನು ಏನೆಂದು ಕರೆಯಬೇಕೋ ತಿಳಿಯದು.

ಆಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಬಲು ದೂರದ, ಇನ್ನೂ ಎಳೆಯ ಗೆಲಾಕ್ಸಿಗಳಲ್ಲಿ ಅನಿಲ ಹೇಗೆ ತಣಿದು, ಮುದ್ದೆಗಟ್ಟಿ ನಕ್ಷತ್ರವಾಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿ ನೋಡುವ ಕೆಲಸ. ಅರ್ಧಕ್ಕೆ ಬಂದ ಒರಟು ಲೆಕ್ಕವನ್ನು ನೋಡಿ, ಮುಂದೆ ಸೂಕ್ಷ್ಮವಾಗಿ ಗಮನಿಸಲು ಒಂದೇ ಒಂದು ಜಾಗ ಆರಿಸಬೇಕಿತ್ತು. ದೊಡ್ಡ ಯಂತ್ರದಲ್ಲಿ ನನಗೆ ಸಿಕ್ಕಿದ್ದೂ ಒಂದೇ ಸರದಿ. ಆರಿಸಿದ ಕಡೆ ನಕ್ಷತ್ರ ಹುಟ್ಟದಿದ್ದರೆ ಮೂರು ವರ್ಷದ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತೆ.

ಜಾಗ ತಿಳಿಸಬೇಕಾದ ಹಿಂದಿನ ಸಂಜೆ ಊರಿನಲ್ಲಿ, ಜಗಲಿಯ ಮೇಲೆ ಲ್ಯಾಪ್‌ಟಾಪಿನಲ್ಲಿ ಆ ಒರಟು ಲೆಕ್ಕದ ಚಿತ್ರ ತೆರೆದು ಕೂತಿದ್ದೆ. ಅಪ್ಪ ಕುರಿಗಳನ್ನು ರೊಪ್ಪಕ್ಕೆ ಕೂಡಿ ಬಂದು ಪಕ್ಕದಲ್ಲಿ ಕೂತ.

“ಏನವ್ವ ಇದು?”

“ನಕ್ಷತ್ರ ಹುಟ್ಟೋದು.”

“ಯಾವುದು ಈಯೋದು?”

ದನಕುರಿಗಳಿಗೆ ಆಡುವ ಮಾತು ಕೇಳಿ ನಗು ಬಂತು. ಕೆಂಪಗೆ ದಟ್ಟವಾಗಿದ್ದ ನಡುಭಾಗ ತೋರಿಸಿದೆ. ಅಪ್ಪ ಅದನ್ನು ಬಿಟ್ಟು, ಅಂಚಿನ ಕತ್ತಲಿನಲ್ಲಿ ಬೆರಳೂರಿದ.

“ಅವೆಲ್ಲ ಮೇಯ್ತಾ ಅವೆ. ಇದು ಗುಂಪು ಬಿಟ್ಟು ನಿಂತೈತೆ ನೋಡು. ಇದು ಈಯ್ತೈತೆ. ಎಲ್ಡು ಮರಿ.”

“ಅಪ್ಪಾ, ಇವು ಕುರಿ ಅಲ್ಲ,” ಎಂದು ಲ್ಯಾಪ್‌ಟಾಪ್ ಮುಚ್ಚಿದೆ. ಓದಿದ ಸೊಕ್ಕು ದನಿಯಲ್ಲೇ ಇತ್ತು. ಅಪ್ಪ ಕೈಕಾಲು ತೊಳೆಯಲು ಎದ್ದು ಹೋದ.

ನಡುಭಾಗವನ್ನೇ ಆರಿಸಿದೆ. ಅಲ್ಲಿ ಮೊದಲು ಹುಟ್ಟಿದ ಕೆಲವೇ ನಕ್ಷತ್ರಗಳು ಸಿಡಿದು ಉಳಿದ ಅನಿಲವನ್ನೆಲ್ಲ ಚದುರಿಸಿಬಿಟ್ಟವು. ಮತ್ತೇನೂ ಹುಟ್ಟಲಿಲ್ಲ. ಅಪ್ಪ ತೋರಿಸಿದ ಅಂಚಿನಲ್ಲಿ, ಒರಟು ಲೆಕ್ಕದಲ್ಲೂ ಎದ್ದು ಕಾಣುವಂತೆ, ಎರಡು ನಕ್ಷತ್ರಗುಚ್ಛಗಳು ಅಕ್ಕಪಕ್ಕ ಹುಟ್ಟಿದವು. ಮುಂದಿನ ಸರದಿ ನನ್ನ ಜೊತೆ ಸಂಶೋಧನೆ ಮಾಡುತ್ತಿದ್ದವನಿಗೆ ಸಿಕ್ಕಿತು. ಆ ಜಾಗ, ಹೆಸರು, ಕೆಲಸ ಎಲ್ಲ ಅವನ ಪಾಲಾಯಿತು. ನಾನು ಹಿರಿಯೂರಿನಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ.

ಕಾಕತಾಳೀಯ ಎನ್ನುತ್ತೀರಿ. ನಾನೂ ಹಾಗೇ ಸಮಾಧಾನ ಮಾಡಿಕೊಳ್ಳಲು ಆ ಸಂಜೆಯ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ನೋಡಬಾರದಿತ್ತು. ಅಪ್ಪ ಬೆರಳಿಟ್ಟ ಕಡೆ ಏನೆಂದರೆ ಏನೂ ಇರಲಿಲ್ಲ. ಅಲ್ಲಿಗೆ ಹೊರಗಿನಿಂದ ಅನಿಲ ಹರಿದು ಬಂದದ್ದು ಲೆಕ್ಕ ಎಷ್ಟೋ ಮುಂದೆ ಸಾಗಿದ ಮೇಲೆ. ಇಲ್ಲದ್ದು ಗುಂಪು ಬಿಟ್ಟು ನಿಲ್ಲುವುದು ಹೇಗೆ?

ಹೋದ ವರ್ಷ ಧೈರ್ಯ ಮಾಡಿ ಅಪ್ಪನನ್ನೇ ಕೇಳಿದೆ, ಅವತ್ತು ಅಲ್ಲಿ ಏನು ಕಂಡೆ ಎಂದು.

“ಈಗ ಕೇಳ್ತೀಯಾ?” ಎಂದು ರೊಪ್ಪದ ಕಡೆ ಎದ್ದು ಹೋದ.

ಅಷ್ಟೇ. ಇನ್ನೊಮ್ಮೆ ಕೇಳಲು ನನಗೆ ಮುಖವಿಲ್ಲ.